ಏಳು ದಶಕದ ಹಾಡಿಗೆ ಒಂದೇ ಕೀಬೋರ್ಡ್ ಸಾಕೇ? ಯಮಹಾ ಪಿಎಸ್‌ಆರ್-ಇ473 ವಿಮರ್ಶೆ, ಬಳ್ಳಾರಿ ಸೀಮೆಯ ಆರ್ಕೆಸ್ಟ್ರಾದವರಿಗಾಗಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಹಿಡಿದವರಿಗೆ ಒಂದೇ ರಾತ್ರಿಯಲ್ಲಿ ಆರೇಳು ದಶಕ ದಾಟುವ ಕೆಲಸ. ಮದುವೆ ಆರತಕ್ಷತೆ ಇರಲಿ, ಜಾತ್ರೆಯ ರಸಮಂಜರಿ ಇರಲಿ, ಗಣಪತಿ ಪೆಂಡಾಲ್ ಇರಲಿ, ಮುಂದಿನ ಸಾಲಿನ ಹಿರಿಯರು ರಾಜಕುಮಾರ್ ಕಾಲದ ಹಾಡು ಬರೆದು ಚೀಟಿ ಕಳಿಸುತ್ತಾರೆ. ಅವರ ಮಕ್ಕಳಿಗೆ ಹಂಸಲೇಖ ಬೇಕು, ಮೊಮ್ಮಕ್ಕಳಿಗೆ ಮೊನ್ನೆ ಮೊನ್ನೆ ಬಿಡುಗಡೆಯಾದದ್ದು. ಬಳ್ಳಾರಿಯಲ್ಲಾದರೆ ನಡುನಡುವೆ ತೆಲುಗು ಹಾಡಿನ ಚೀಟಿಯೂ ಬರುತ್ತದೆ. ಈ ಹಾಡುಗಳಲ್ಲಿ ರಾಗ, ತಾಳ ಮಾತ್ರ ಬೇರೆಯಲ್ಲ, ಅವುಗಳ ಕೆಳಗೆ ಕೂರುವ ಕಾರ್ಡ್‌ಗಳ, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ನಡೆಯೇ ದಶಕದಿಂದ ದಶಕಕ್ಕೆ ಬೇರೆ. 30 ಸಾವಿರ ರೂಪಾಯಿ ಆಸುಪಾಸಿನ ಈ ಕೀಬೋರ್ಡ್ ಆ ನಡೆಯನ್ನು ಎಲ್ಲಿಯವರೆಗೆ ಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದೇ ಈ ವಿಮರ್ಶೆಯ ವಿಷಯ.

ಮೊದಲು ಪೆಟ್ಟಿಗೆಯ ಲೆಕ್ಕ. 61 ಮನೆ (ಕೀ), ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಯುವ ಟಚ್, 820 ವಾಯ್ಸ್ (ವಾದ್ಯಗಳ ದನಿ), 290 ಸ್ಟೈಲ್ (ತಾನೇ ನುಡಿಯುವ ತಾಳ ಮತ್ತು ಪಕ್ಕವಾದ್ಯದ ಮಾದರಿ), ಒಮ್ಮೆಗೆ 64 ಸ್ವರ. ತೂಕ 7 ಕೆಜಿ. ಹಿಂಬದಿಯಲ್ಲಿ ಎಡ-ಬಲ ಎರಡು ಪ್ರತ್ಯೇಕ ಔಟ್‌ಪುಟ್ ಜ್ಯಾಕ್ ಕೊಟ್ಟಿದ್ದಾರೆ, ಹೆಡ್‌ಫೋನ್ ತೂತಿನಿಂದ ಮಿಕ್ಸರ್‌ಗೆ ವೈರ್ ಎಳೆಯುವ ಪರದಾಟ ಇಲ್ಲ. ಪಿಚ್ ಬೆಂಡ್ ಚಕ್ರ, ಎರಡು ಲೈವ್ ನಾಬ್, ಯುಎಸ್‌ಬಿ, ಮೈಕ್ ಇನ್‌ಪುಟ್ ಇವೆ. ಈ ಬೆಲೆಗೆ ಇಷ್ಟು ಸಿಗುವುದು ಕಡಿಮೆಯೇನಲ್ಲ. ಬೆರಳೆತ್ತಿದರೂ ಸ್ವರ ಉಳಿಸುವ ಸಸ್ಟೇನ್ ಪೆಡಲ್ ಮಾತ್ರ ಬೇರೆ ಕೊಳ್ಳಬೇಕು. ಕೊಳ್ಳದೆ ಬಿಡಬೇಡಿ, ಪಿಯಾನೊ ಮತ್ತು ಪ್ಯಾಡ್ ಎರಡೂ ಅದಿಲ್ಲದೆ ತುಂಡುತುಂಡಾಗಿ ಕೇಳುತ್ತವೆ.

ಈ ಯಂತ್ರ ಕಾರ್ಡ್ ಕಟ್ಟುವ ರೀತಿಯನ್ನು ತಿಳಿಯದೆ ಮುಂದಿನ ಮಾತು ಹಿಡಿಯುವುದಿಲ್ಲ. ಎಸಿಎಂಪಿ (ಪಕ್ಕವಾದ್ಯ ತಾನೇ ನುಡಿಸುವ) ಬಟನ್ ಒತ್ತಿದರೆ ಸ್ಪ್ಲಿಟ್ ಪಾಯಿಂಟ್‌ನಿಂದ, ಅಂದರೆ ಮನೆಗಳ ಸಾಲನ್ನು ಎರಡು ಭಾಗ ಮಾಡುವ ಜಾಗದಿಂದ, ಎಡಕ್ಕಿರುವ ಮನೆಗಳೆಲ್ಲ ಕಾರ್ಡ್ ಓದುವ ಜಾಗವಾಗುತ್ತವೆ. ಅಲ್ಲಿ ಒತ್ತಿದ್ದನ್ನು ನೋಡಿ ಬೇಸ್, ಗಿಟಾರ್, ಸ್ಟ್ರಿಂಗ್ಸ್ ಎಲ್ಲವನ್ನೂ ಸ್ಟೈಲ್ ತಾನೇ ನುಡಿಸುತ್ತದೆ. ಮಲ್ಟಿ ಫಿಂಗರ್ ಕ್ರಮದಲ್ಲಿ ಒಂದೇ ಮನೆ ಒತ್ತಿದರೆ ಮೇಜರ್. ಅದರ ಜತೆ ಎಡಕ್ಕೆ ಹತ್ತಿರದ ಕಪ್ಪು ಮನೆ ಸೇರಿಸಿದರೆ ಮೈನರ್, ಎಡಕ್ಕೆ ಹತ್ತಿರದ ಬಿಳಿ ಮನೆ ಸೇರಿಸಿದರೆ ಸೆವೆಂತ್, ಎರಡೂ ಸೇರಿಸಿದರೆ ಮೈನರ್ ಸೆವೆಂತ್. ಪೂರ್ತಿ ಕಾರ್ಡ್ ಒತ್ತಿದರೂ ಓದಿಕೊಳ್ಳುತ್ತದೆ. ಇನ್ನೊಂದು ಸ್ಮಾರ್ಟ್ ಕಾರ್ಡ್: ಹಾಡಿನ ಕೀ ಸಿಗ್ನೇಚರ್ (ಸ್ಕೇಲಿನಲ್ಲಿ ಎಷ್ಟು ಶಾರ್ಪ್ ಅಥವಾ ಫ್ಲ್ಯಾಟ್ ಇವೆ ಎಂಬುದು) ಹೇಳಿಕೊಟ್ಟರೆ ಒಂದೇ ಬೆರಳಿಗೆ ಆ ಸಿಗ್ನೇಚರ್‌ಗೆ ಒಪ್ಪುವ ಮೇಜರನ್ನೋ ಮೈನರನ್ನೋ ತಾನೇ ಆರಿಸುತ್ತದೆ.

ಇದರೊಳಗೊಂದು ಗಟ್ಟಿ ನಂಬಿಕೆ ಕೂತಿದೆ. ಪ್ರತಿ ಕಾರ್ಡಿಗೂ ಬೇಸ್ ಅದರ ಮೂಲ ಸ್ವರವೇ ಎಂದು ಸ್ಟೈಲ್ ಎಣಿಸಿಕೊಂಡಿದೆ. ಕೆಲವು ದಶಕದ ಹಾಡಿಗೆ ಇದು ಸರಿಯಾಗಿ ಹೊಂದುತ್ತದೆ, ಕೆಲವಕ್ಕೆ ಹಾಡನ್ನೇ ಕೆಡಿಸುತ್ತದೆ.

50 ಮತ್ತು 60ರ ದಶಕದ ಹಾಡಿನಲ್ಲಿ ರಾಗವೇ ಯಜಮಾನ. ಪಿಟೀಲುಗಳ ಸಾಲು ಗಾಯಕನ ಸಾಲನ್ನೇ ಹಿಂಬಾಲಿಸುತ್ತದೆ, ಎಲ್ಲರೂ ಒಂದೇ ಸ್ವರದಲ್ಲಿ. ಕಾರ್ಡ್ ಬಂದರೆ ಗಿಟಾರ್ ಅಥವಾ ಅಕಾರ್ಡಿಯನ್‌ನಲ್ಲಿ ಹಗುರಾಗಿ ಬರುತ್ತದೆ, ಅದೂ ಷಡ್ಜ, ಮಧ್ಯಮ, ಪಂಚಮದ ಮೇಲೆ ನಿಂತ ಎರಡು ಮೂರು ಕಾರ್ಡ್ ಅಷ್ಟೆ. ಇಂಥ ಹಾಡಿಗೆ ಸ್ಟೈಲ್‌ನ ಗಿಟಾರ್, ಪ್ಯಾಡ್, ಸ್ಟ್ರಿಂಗ್ಸ್ ಎಲ್ಲ ಹಚ್ಚಿದರೆ ರಾಗ ಮುಳುಗಿಹೋಗುತ್ತದೆ. ಇದಕ್ಕೆ ಎಸಿಎಂಪಿ ಆಫ್ ಮಾಡಿ. ಆಗ ಸ್ಟೈಲ್‌ನ ತಾಳವಾದ್ಯ ಮಾತ್ರ ಉಳಿಯುತ್ತದೆ. ಎಡಗೈಗೆ ಸ್ಪ್ಲಿಟ್ ವಾಯ್ಸ್ ಕೊಟ್ಟು ಸ, ಪ ಎರಡೇ ಹಿಡಿದು, ಬಲಗೈಯಲ್ಲಿ ಪಿಟೀಲು ಅಥವಾ ಹಾರ್ಮೋನಿಯಂ ವಾಯ್ಸ್ ನುಡಿಸಿ. ಹಾರ್ಮನಿ ಬಟನ್‌ನ ಡ್ಯುಯೆಟ್, ಟ್ರಿಯೊ ಇಲ್ಲಿ ಬೇಡವೇ ಬೇಡ. ಅವು ಬಲಗೈ ಸ್ವರಕ್ಕೆ ಎಡಗೈ ಕಾರ್ಡ್ ನೋಡಿ ಇನ್ನೊಂದು ಸ್ವರ ಅಂಟಿಸುತ್ತವೆ. ಗಮಕದಲ್ಲಿ ಹೋಗುವ ಸಾಲಿಗೆ ಆ ಜತೆ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುತ್ತದೆ, ಕಿವಿಗೆ ಚುಚ್ಚುತ್ತದೆ.

ಮೋಹನದಂಥ ರಾಗದ ಹಾಡಿಗೆ ಕಾರ್ಡ್ ಹಾಕಲೇಬೇಕೆಂದರೆ ಒಂದು ಎಚ್ಚರ. ಸಿ ಷಡ್ಜವಾದರೆ ಮೋಹನದ ಸ್ವರ ಸಿ, ಡಿ, ಇ, ಜಿ, ಎ. ಪಂಚಮದಲ್ಲಿ ನಿಂತಾಗ ಅಭ್ಯಾಸಬಲದಿಂದ ಜಿ ಸೆವೆಂತ್ ಒತ್ತಿದರೆ ಅದರಲ್ಲಿ ಬಿ ಮತ್ತು ಎಫ್ ಇವೆ, ಎರಡೂ ರಾಗದಲ್ಲಿಲ್ಲ. ಅದರ ಬದಲು ಜಿ, ಸಿ, ಡಿ ಒತ್ತಿ. ಕೆಳಗಿನ ಸ್ವರ ಜಿ ಆದರೆ ಕೀಬೋರ್ಡ್ ಅದನ್ನು ಜಿ ಸಸ್ ಫೋರ್ ಎಂದು ಓದುತ್ತದೆ. ಅದೇ ಮೂರು ಸ್ವರವನ್ನು ಸಿ ಕೆಳಗೆ ಬರುವಂತೆ ಒತ್ತಿದರೆ ಸಿ ಸಸ್ ಟೂ. ಮೂರೂ ಮೋಹನದ ಒಳಗಿನವೇ, ಬೇಸ್ ಮಾತ್ರ ಬದಲಾಗುತ್ತದೆ. ಹಳೆಯ ಹಾಡಿಗೆ ಇವೆರಡೇ ಸಾಕಾಗುವ ಸಂದರ್ಭ ಬಹಳ.

ರಾಗ ಮತ್ತು ಸ್ಮಾರ್ಟ್ ಕಾರ್ಡ್ ಎರಡನ್ನೂ ಕೂಡಿಸುವ ದಾರಿಯೊಂದಿದೆ, ಕೈಪಿಡಿಯಲ್ಲಿ ಸಿಗುವಂಥದ್ದಲ್ಲ. ಸಿಗ್ನೇಚರ್ ಕೇಳಿದಾಗ ಷಡ್ಜದ ಹೆಸರು ಕೊಡಬೇಡಿ, ರಾಗದ ಸ್ವರಗಳು ಯಾವ ಮೇಜರ್ ಸ್ಕೇಲಿನವು ಎಂದು ನೋಡಿ ಅದನ್ನು ಕೊಡಿ. ಸಿ ಷಡ್ಜದ ಖರಹರಪ್ರಿಯ, ನಮ್ಮ ಕಡೆ ಕಾಫಿ ಎನ್ನುವ ಥಾಟ್, ಬಿ ಫ್ಲ್ಯಾಟ್ ಮೇಜರ್‌ನ ಸ್ವರಗಳೇ. ಹಾಗಾಗಿ ಎರಡು ಫ್ಲ್ಯಾಟ್ ಕೊಟ್ಟರೆ ಸಿ ಒತ್ತಿದಾಗ ಮೈನರ್, ಎಫ್ ಒತ್ತಿದಾಗ ಮೇಜರ್ ಬರುತ್ತದೆ. ಸಿ ಮೈನರ್ ಎಂದು ಮೂರು ಫ್ಲ್ಯಾಟ್ ಕೊಟ್ಟವರಿಗೆ ಎಫ್ ಕೂಡ ಮೈನರ್ ಆಗಿ, ಹಾಡುಗಾರನ ಚತುಶ್ರುತಿ ಧೈವತಕ್ಕೆ ಕಾರ್ಡಿನ ಎ ಫ್ಲ್ಯಾಟ್ ಹೊಡೆದುಕೊಳ್ಳುತ್ತದೆ. ಜನ ‘ಕೀಬೋರ್ಡ್ ಅಪಸ್ವರ’ ಎನ್ನುವುದು ಬಹಳ ಸಲ ಇದನ್ನೇ. ಕಲ್ಯಾಣಿಗೆ, ಅಂದರೆ ಯಮನ್‌ಗೆ, ಒಂದು ಶಾರ್ಪ್. ಹರಿಕಾಂಭೋಜಿಗೆ, ಅಂದರೆ ಖಮಾಜ್‌ಗೆ, ಒಂದು ಫ್ಲ್ಯಾಟ್. ಒತ್ತಿದಾಗ ಪರದೆಯ ಮೇಲೆ ಬರುವ ಕಾರ್ಡ್ ಹೆಸರನ್ನು ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ. ಮಾಯಾಮಾಳವಗೌಳ, ಚಾರುಕೇಶಿ, ಕೀರವಾಣಿಗೆ ಒಪ್ಪುವ ಸಿಗ್ನೇಚರ್ ಇಲ್ಲವೇ ಇಲ್ಲ, ಅಲ್ಲಿ ಮಲ್ಟಿ ಫಿಂಗರ್‌ಗೆ ಬರಬೇಕು. ಮಾಯಾಮಾಳವಗೌಳದಲ್ಲಿ ಸಿ ಮೇಜರ್, ಡಿ ಫ್ಲ್ಯಾಟ್ ಮೇಜರ್, ಎಫ್ ಮೈನರ್ ಈ ಮೂರು ನಿಲ್ಲುತ್ತವೆ. ಜಿ ಮೇಜರ್ ನಿಲ್ಲುವುದಿಲ್ಲ, ಅದರೊಳಗಿನ ಡಿ ಶುದ್ಧ ರಿಷಭಕ್ಕೆ ಅಡ್ಡ ಬರುತ್ತದೆ.

70ರ ದಶಕಕ್ಕೆ ಬಂದರೆ ಯಂತ್ರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರ ಹಾಡುಗಳಲ್ಲಿ ಗಿಟಾರ್, ಬೇಸ್ ಗಿಟಾರ್ ನೆಲೆಯೂರಿದ್ದು ಕಿವಿಗೊಟ್ಟರೆ ಗೊತ್ತಾಗುತ್ತದೆ. ಕಾರ್ಡ್ ಇಲ್ಲಿ ರಾಗದ ನೆರಳಾಗಿ ಉಳಿಯದೆ ಹಾಡನ್ನು ಮುಂದೆ ತಳ್ಳುತ್ತದೆ. ಮಲ್ಟಿ ಫಿಂಗರ್ ಸಾಕು. ಸ್ಟೈಲ್ ಆರಿಸುವಾಗ ಸರಳವಾದ ಬಲ್ಲಾಡ್ ಅಥವಾ ವಾಲ್ಟ್ಸ್ ಕಡೆ ಹೋಗಿ, ಸ್ಟೈಲ್‌ನ ಎರಡು ಮುಖ್ಯ ಭಾಗಗಳಲ್ಲಿ ಮೇನ್ ಎ ಮಾತ್ರ ಬಳಸಿ, ಸ್ಟೈಲ್ ವಾಲ್ಯೂಮನ್ನು ಬಲಗೈಗಿಂತ ಸ್ಪಷ್ಟವಾಗಿ ಕೆಳಗಿಡಿ.

ನಿಜವಾದ ಪರೀಕ್ಷೆ 80ರ ದಶಕ. ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ ದುಡಿದಿದ್ದ ಇಳಯರಾಜ, 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ ಹೊತ್ತಿಗೆ ಕನ್ನಡದ ಕಿವಿಗೆ ಹೊಸದೊಂದನ್ನು ಕಲಿಸಿದ್ದರು. ಬೇಸ್ ಇಲ್ಲಿ ಮೂಲ ಸ್ವರಕ್ಕೆ ಕಟ್ಟುಬಿದ್ದಿಲ್ಲ. ಅದೇ ಒಂದು ಎರಡನೇ ಹಾಡಾಗಿ ಕೆಳಗೆ ನಡೆಯುತ್ತದೆ, ಮೇಲಿನ ಸ್ಟ್ರಿಂಗ್ಸ್ ಇನ್ನೊಂದು ಸಾಲು ಹೆಣೆಯುತ್ತದೆ. ಇ473 ಇಲ್ಲಿ ಸೋಲುತ್ತದೆ, ಹೇಗೆಂದು ಒಂದು ಉದಾಹರಣೆಯಲ್ಲಿ ಕಾಣಬಹುದು.

ಬೇಸ್ ಎ, ಜಿ, ಎಫ್ ಶಾರ್ಪ್, ಎಫ್ ಎಂದು ಒಂದೊಂದೇ ಮೆಟ್ಟಿಲು ಇಳಿಯುವ ಸಾಲು ತೆಗೆದುಕೊಳ್ಳಿ. ಮೇಲಿನ ಕಾರ್ಡ್ ಎ ಮೈನರ್, ಜಿ ಬೇಸಿನ ಎ ಮೈನರ್, ಎಫ್ ಶಾರ್ಪ್ ಬೇಸಿನ ಡಿ ಮೇಜರ್, ಕೊನೆಗೆ ಎಫ್ ಮೇಜರ್. ಎಡಗೈಯಲ್ಲಿ ಎ-ಸಿ-ಇ ಒತ್ತಿ, ಬೇಸ್ ಎ, ಸರಿ. ಜಿ ಸೇರಿಸಿ, ಕೀಬೋರ್ಡ್ ಎ ಮೈನರ್ ಸೆವೆಂತ್ ಎಂದು ಓದಿ ಬೇಸನ್ನು ಎ ಮೇಲೆಯೇ ಬಿಡುತ್ತದೆ. ಎಫ್ ಶಾರ್ಪ್-ಎ-ಡಿ ಒತ್ತಿ, ‘ಓಹೋ ಡಿ ಮೇಜರ್’ ಎಂದು ಬೇಸ್ ಡಿಗೆ ಹಾರುತ್ತದೆ. ಕೇಳುಗನಿಗೆ ಸಿಗುವುದು ಎ, ಎ, ಡಿ, ಎಫ್. ಇಳಿಜಾರೇ ಮಾಯ. ಹಾಡಿನ ಜೀವ ಇದ್ದದ್ದೇ ಆ ಇಳಿಜಾರಿನಲ್ಲಿ.

ಅರ್ಧ ಉಪಾಯವೊಂದಿದೆ. ಡಿ ಮೇಜರ್ ಬದಲು ಎಫ್ ಶಾರ್ಪ್-ಎ-ಸಿ-ಇ ಒತ್ತಿ, ಎಫ್ ಶಾರ್ಪ್ ಎಲ್ಲಕ್ಕಿಂತ ಕೆಳಗಿರಲಿ. ಇದು ಎಫ್ ಶಾರ್ಪ್ ಮೈನರ್ ಸೆವೆಂತ್ ಫ್ಲ್ಯಾಟ್ ಫೈವ್. ಇದೇ ನಾಲ್ಕು ಸ್ವರ ಎ ಮೈನರ್ ಸಿಕ್ಸ್ತ್ ಕೂಡ ಆಗುವುದರಿಂದ ಕೀಬೋರ್ಡ್ ಇಂಥ ಕಾರ್ಡಿನಲ್ಲಿ ಕೆಳಗಿನ ಸ್ವರವನ್ನೇ ಮೂಲವೆಂದು ಹಿಡಿಯುತ್ತದೆ, ಬೇಸ್ ಎಫ್ ಶಾರ್ಪ್‌ಗೇ ಬರುತ್ತದೆ. ಸಿಕ್ಸ್ತ್ ಮತ್ತು ಮೈನರ್ ಸೆವೆಂತ್, ಆಗ್ಮೆಂಟೆಡ್, ಡಿಮಿನಿಶ್ಡ್ ಸೆವೆಂತ್‌ಗಳಲ್ಲೂ ಇದೇ ನಿಯಮ, ಕೆಳಗಿನ ಬೆರಳು ಎಲ್ಲಿದೆ ಎಂಬುದೇ ಹೆಸರು ತೀರ್ಮಾನಿಸುತ್ತದೆ. ಆದರೆ ನಡುವಿನ ಜಿ ಬೇಸ್ ಈ ದಾರಿಯಲ್ಲೂ ಸಿಗದು.

ಪೂರ್ತಿ ಉಪಾಯ ಕೈಯಿಂದ ನುಡಿಸುವುದು. ಎಸಿಎಂಪಿ ಆಫ್, ಸ್ಪ್ಲಿಟ್ ವಾಯ್ಸ್‌ಗೆ ಫಿಂಗರ್ ಬೇಸ್, ಮೇನ್ ವಾಯ್ಸ್‌ಗೆ ಸ್ಟ್ರಿಂಗ್ಸ್ ಅಥವಾ ಎಲೆಕ್ಟ್ರಿಕ್ ಪಿಯಾನೊ. ಸ್ಪ್ಲಿಟ್ ಪಾಯಿಂಟ್ ಎಫ್ ಶಾರ್ಪ್ 2 ಇದ್ದರೆ ಎಡಕ್ಕೆ 19 ಮನೆ ಸಿಗುತ್ತವೆ, ಬೇಸ್ ಸಾಲಿಗೆ ಅಷ್ಟು ಧಾರಾಳ. ಬೇಸ್ ವಾಯ್ಸ್ ತೀರಾ ಮೇಲೆ ಕೇಳಿದರೆ ಆಕ್ಟೇವ್ ಒಂದು ಇಳಿಸಿ. ಎಡಗೈ ಬೇಸ್ ಬೆಳೆಸಿಕೊಳ್ಳಲು ಶ್ರಮ ಬೇಕು, ಆದರೆ ಆ ಹಾಡುಗಳಿಗೆ ಸಲ್ಲಬೇಕಾದ ಮರ್ಯಾದೆ ಅದು. ಬೇಸ್ ತಪ್ಪಿದ ಇಳಯರಾಜ ಹಾಡು ನಮ್ಮ ಕಡೆಯ ವೇದಿಕೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು, ಸ್ಟೈಲ್ ಹಚ್ಚಿ ಕೈಕಟ್ಟಿ ಕೂರುವುದೇ ಅದಕ್ಕೆ ಕಾರಣ.

1987ರ ‘ಪ್ರೇಮಲೋಕ’ದಿಂದ ಹಂಸಲೇಖ ಯುಗ. ಯಮಹಾ ಡಿಎಕ್ಸ್7 ಸಿಂಥಸೈಜರ್ ಬಂದದ್ದು, ಎಲೆಕ್ಟ್ರಾನಿಕ್ ವಾದ್ಯಗಳನ್ನು ಒಂದಕ್ಕೊಂದು ಬೆಸೆಯುವ ಮಿಡಿ ಸಂಪರ್ಕ ಜಾರಿಗೆ ಬಂದದ್ದು 1983ರಲ್ಲಿ. ಆ ದಶಕದ ಉತ್ತರಾರ್ಧದ ಹಾಡುಗಳಲ್ಲಿ ಸಿಂಥ್ ಬೇಸ್, ಗಂಟೆಯಂತೆ ಮಿನುಗುವ ಎಲೆಕ್ಟ್ರಿಕ್ ಪಿಯಾನೊ, ಡ್ರಮ್ ಮಷಿನ್ ತುಂಬಿಕೊಂಡವು. ಇ473ರಲ್ಲಿ ಡಿಎಕ್ಸ್ ಜಾತಿಯ ಎಲೆಕ್ಟ್ರಿಕ್ ಪಿಯಾನೊ ಇದೆ, ಚೆನ್ನಾಗಿಯೂ ಇದೆ. ಈ ಕಾಲದ ಹಾಡಿನಲ್ಲಿ ಕಾರ್ಡಿಗಿಂತ ಕಾರ್ಡನ್ನು ಕತ್ತರಿಸುವ ರೀತಿ ಮುಖ್ಯ. ಎಡಗೈ ಕಾರ್ಡ್ ಹಿಡಿದೇ ಇರಬೇಡಿ, ಬಲಗೈಯಲ್ಲಿ ಬ್ರಾಸ್ ಅಥವಾ ಸಿಂಥ್ ವಾಯ್ಸ್‌ನಲ್ಲಿ ಚುಟುಕಾಗಿ ಹೊಡೆದು ಬಿಡಿ. ಹಾರ್ಮನಿಯ ಟ್ರಿಯೊ ಬಟನ್ ಒಪ್ಪುವ ಜಾಗ ಇದೊಂದೇ.

2000ದ ನಂತರದ ಹಾಡುಗಳಿಗೆ ಈ ಯಂತ್ರ ಹೇಳಿ ಮಾಡಿಸಿದಂತಿದೆ. ನಾಲ್ಕು ಕಾರ್ಡ್ ಸುತ್ತು ಹೊಡೆಯುತ್ತವೆ, ಪಲ್ಲವಿಗೂ ಚರಣಕ್ಕೂ ಅದೇ ಸುತ್ತು ಸಾಗುವುದೂ ಉಂಟು. ಬೇಸ್ ಮೂಲ ಸ್ವರ ಬಿಟ್ಟು ಹೆಚ್ಚು ಅಲುಗದು. 2006ರ ‘ಮುಂಗಾರು ಮಳೆ’ಗೆ ಮನೋಮೂರ್ತಿ ಕೊಟ್ಟ ಹಾಡುಗಳ ನಂತರ ಮದುವೆ ಮನೆಯಲ್ಲಿ ಕೇಳುವ ಪ್ರೇಮಗೀತೆಗಳಲ್ಲಿ ಈ ಮೆದು ಸುತ್ತು ಬಹಳ. ಸ್ಮಾರ್ಟ್ ಕಾರ್ಡ್ ಇಲ್ಲಿ ನಿಜಕ್ಕೂ ಉಪಕಾರಿ: ಬಲಗೈಗೆ ಪೂರ್ತಿ ಗಮನ ಕೊಡಬಹುದು. ಕಾರ್ಡ್ ಬದಲಾಗದ ಹಾಡಿನಲ್ಲಿ ಏರಿಳಿತ ಬರುವುದು ಪದರ ಸೇರಿಸಿ ಕಳೆಯುವುದರಿಂದ. ಮೊದಲ ಪಲ್ಲವಿಗೆ ಮೇನ್ ಎ, ಎರಡನೆಯದಕ್ಕೆ ಮೇನ್ ಬಿ, ಚರಣದ ಮೊದಲ ಸಾಲಿಗೆ ಎಸಿಎಂಪಿ ಆಫ್ ಮಾಡಿ ತಾಳ ಮಾತ್ರ. ಇದನ್ನೆಲ್ಲ ಸೆಟ್ಟಿಂಗ್ ಉಳಿಸಿಡುವ ರಿಜಿಸ್ಟ್ರೇಶನ್ ಮೆಮೊರಿಯಲ್ಲಿ ಹಾಕಿಡಿ. ನಾಲ್ಕು ಬಟನ್, ಎಂಟು ಬ್ಯಾಂಕ್, ಒಟ್ಟು 32 ಜಾಗ. ಬ್ಯಾಂಕಿಗೊಂದು ದಶಕ ಎಂದು ಹಂಚಿಟ್ಟರೆ ಚೀಟಿ ಬಂದ ಕೂಡಲೇ ಸಿದ್ಧ.

ಈಗಿನ ಹಾಡುಗಳಲ್ಲಿ ಕಾರ್ಡ್ ಮತ್ತೆ ಸವೆದಿದೆ. ಚರಣ್ ರಾಜ್, ಅಜನೀಶ್ ಲೋಕನಾಥರ ಜಾನಪದ ಬಣ್ಣದ ಹಾಡುಗಳಿಗೆ ಎರಡು ಕಾರ್ಡ್, ಕೆಲವೊಮ್ಮೆ ಬರೀ ಶ್ರುತಿ ಮತ್ತು ತಮಟೆ ಸಾಕು. ಸ್ಮಾರ್ಟ್ ಕಾರ್ಡ್‌ನಲ್ಲಿ ‘ಸಿಂಪಲ್ ಫಿಫ್ತ್’ ಎಂಬ ಬಗೆ ಇದೆ, ಮೂರನೇ ಸ್ವರ ಬಿಟ್ಟು ಸ-ಪ ಮಾತ್ರ ನುಡಿಸುತ್ತದೆ. ಮೇಜರೂ ಅಲ್ಲ, ಮೈನರೂ ಅಲ್ಲ, ಹಾಗಾಗಿ ಗಾಂಧಾರ ಎಲ್ಲಿ ಕೂರಬೇಕೆಂದು ಹಾಡುಗಾರನೇ ತೀರ್ಮಾನಿಸಬಹುದು. ತತ್ವಪದ, ಭಜನೆಗೂ ಇದೇ ಸರಿ. ಅಷ್ಟರಮಟ್ಟಿಗೆ 50ರ ದಶಕದ ಸೆಟ್ಟಿಂಗ್ ಮತ್ತು ಇಂದಿನ ಸೆಟ್ಟಿಂಗ್ ಹತ್ತಿರ ಹತ್ತಿರ ಬಂದಿವೆ, ಕೆಳಗಿನ ಗಟ್ಟಿ ಬೇಸ್ ಒಂದು ಬಿಟ್ಟರೆ. ಆ ಬೇಸ್ ಕೀಬೋರ್ಡ್‌ನ ಸ್ವಂತ ಸ್ಪೀಕರ್‌ನಲ್ಲಿ ಕೇಳಿಸುವುದಿಲ್ಲ, ವೇದಿಕೆಯ ಸಬ್ ವೂಫರ್ ಬೇಕು. ಹಲಗೆ, ಡೊಳ್ಳಿನ ಲಯವನ್ನು 290 ಸ್ಟೈಲ್‌ಗಳೊಳಗೆ ಹುಡುಕಬೇಡಿ, ಆಕ್ಟೋಪ್ಯಾಡ್ ನುಡಿಸುವವರಿಗೆ ಬಿಡಿ. ಅವರು ನುಡಿಸುವಾಗ ನಿಮ್ಮ ಸ್ಟೈಲ್ ಪೂರ್ತಿ ನಿಲ್ಲಿಸಿ. ಮನುಷ್ಯರ ಲಯ ತುಸು ಏರಿದರೂ ಸ್ಟೈಲ್ ಹಿಂಬಾಲಿಸುವುದಿಲ್ಲ, ಎರಡು ಲಯ ಗುದ್ದಾಡುತ್ತವೆ.

ನಾಟಕ ಕಂಪನಿಯ ಪೇಟಿಯ ಜತೆ ನುಡಿಸುವವರಿಗೆ ಒಂದು ಮಾತು. ಹಳೆಯ ಪೇಟಿಯ ರೀಡ್ ಸಾಮಾನ್ಯ ಶ್ರುತಿಯಾದ 440 ಹರ್ಟ್ಸ್‌ಗೇ ನಿಂತಿರುತ್ತದೆ ಎನ್ನುವಂತಿಲ್ಲ. ಇ473ರ ಟ್ಯೂನಿಂಗ್ 427ರಿಂದ 453 ಹರ್ಟ್ಸ್ ತನಕ ಸರಿಯುತ್ತದೆ. ಪೇಟಿಯಲ್ಲಿ ಒಂದೇ ಸಾಲು ರೀಡ್ ಬಿಟ್ಟು, ಮಧ್ಯ ಸಪ್ತಕದ ಬಿಳಿ ಆರು (ಎ ಸ್ವರ) ಎರಡರಲ್ಲೂ ಹಿಡಿಯಿರಿ. ಸೆಕೆಂಡಿಗೆ ಎರಡು ಅಲೆ ಕೇಳಿದರೆ ವ್ಯತ್ಯಾಸ ಎರಡು ಹರ್ಟ್ಸ್. ಅಲೆ ನಿಲ್ಲುವವರೆಗೆ ಕೀಬೋರ್ಡ್ ಸರಿಸಿ. ಎರಡು ಸಾಲು ರೀಡ್ ತೆರೆದಿದ್ದರೆ ಅವುಗಳ ನಡುವೆಯೇ ಅಲೆ ಇರುತ್ತದೆ, ಲೆಕ್ಕ ತಪ್ಪುತ್ತದೆ. ಹಾಡುಗಾರರ ಶ್ರುತಿ ಕಪ್ಪು ಒಂದು (ಸಿ ಶಾರ್ಪ್) ಆದರೆ ಟ್ರಾನ್ಸ್‌ಪೋಸ್ ಒಂದು ಏರಿಸಿ ಸಿಯಲ್ಲೇ ನುಡಿಸಬಹುದು, ಆದರೆ ಗಿಟಾರಿನವರಿಗೆ ನಿಜವಾದ ಶ್ರುತಿಯನ್ನೇ ಹೇಳಿ.

ಕೊರತೆಗಳೂ ಇವೆ. ಸ್ಟೈಲ್, ಡ್ಯುಯಲ್ ವಾಯ್ಸ್, ಸಸ್ಟೇನ್ ಮೂರೂ ಒಟ್ಟಿಗೆ ಹಚ್ಚಿದರೆ 64 ಸ್ವರದ ಮಿತಿ ಮುಟ್ಟಿ ಹಿಡಿದ ಸ್ಟ್ರಿಂಗ್ಸ್ ನಡುವೆ ಕಡಿದುಹೋಗುತ್ತದೆ. ಪೆಡಲನ್ನು ಕಾರ್ಡ್ ಬದಲಾದಾಗೆಲ್ಲ ಎತ್ತಿ ಒತ್ತಿದರೆ ಬಹುಪಾಲು ತಪ್ಪುತ್ತದೆ. ಮೈಕ್ ಇನ್‌ಪುಟ್ ಮನೆಯ ಅಭ್ಯಾಸಕ್ಕೆ ಸರಿ, ವೇದಿಕೆಯಲ್ಲಿ ಮೈಕ್ ನೇರ ಮಿಕ್ಸರ್‌ಗೇ ಹೋಗಲಿ. ಜನರೇಟರ್ ಮೇಲೆ ನಡೆಯುವ ಜಾತ್ರೆ ಕಾರ್ಯಕ್ರಮದಲ್ಲಿ ಹಮ್ ಬಂದರೆ ಅಡಾಪ್ಟರ್ ಕಿತ್ತು ಆರು ಎಎ ಸೆಲ್ ಮೇಲೆ ಓಡಿಸಿ ನೋಡಿ. ಹಮ್ ನಿಂತರೆ ದೋಷ ವಿದ್ಯುತ್ತಿನ ಅರ್ತಿಂಗ್‌ನದು, ಕೀಬೋರ್ಡ್-ಮಿಕ್ಸರ್ ನಡುವೆ ಡಿಐ ಬಾಕ್ಸ್ ಹಾಕಿಸಿ. ಕರೆಂಟ್ ಹೋದಾಗಲೂ ಸೆಲ್ ನೆರವಿಗೆ ಬರುತ್ತದೆ. ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳು ಮನೆಗಳ ಸಂದಿಗಿಳಿದರೆ ಒಳಗಿನ ರಬ್ಬರ್ ಸಂಪರ್ಕ ಕೆಟ್ಟು ಕೆಲವು ಸ್ವರ ಜೋರಾಗಿ, ಕೆಲವು ಮೂಕವಾಗಿ ಬರುತ್ತವೆ. ನುಡಿಸದಾಗ ಬಟ್ಟೆ ಹೊದಿಸಿಡಿ, ಬೇಸಿಗೆಯ ಮಧ್ಯಾಹ್ನ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ.

ಭಜನೆ, ಭಾವಗೀತೆ, ಹಳೆಯ ಹಾಡೇ ಹೆಚ್ಚಿದ್ದವರು ಯಮಹಾದ್ದೇ ಪಿಎಸ್‌ಆರ್-ಐ500 ನೋಡುವುದು ಒಳಿತು. ಭಾರತಕ್ಕೆಂದೇ ಮಾಡಿದ ಅದರಲ್ಲಿ ತಾನ್‌ಪುರ-ತಬಲಾದ ರಿಯಾಜ್ ಸೌಲಭ್ಯವೂ ನಮ್ಮ ತಾಳದ ಸ್ಟೈಲ್‌ಗಳೂ ಇವೆ. 80ರ ದಶಕದ ಹಾಡನ್ನು ಸ್ಟೈಲ್ ಸಮೇತ ನುಡಿಸಲೇಬೇಕೆಂದರೆ ಪಿಎಸ್‌ಆರ್-ಎಸ್‌ಎಕ್ಸ್600 ತನಕ ಏರಬೇಕು. ಅದರಲ್ಲಿ ‘ಫಿಂಗರ್ಡ್ ಆನ್ ಬೇಸ್’ ಇದೆ, ಒತ್ತಿದ ಕೆಳಗಿನ ಸ್ವರವೇ ಬೇಸ್ ಆಗುತ್ತದೆ. ಎಡಗೈ ಬೇಸ್ ನುಡಿಸಬಲ್ಲವರಿಗೂ, ಕಲಿಯಲು ಮನಸ್ಸಿರುವವರಿಗೂ ಇ473 ಕೊಟ್ಟ ಹಣಕ್ಕೆ ನ್ಯಾಯ ಸಲ್ಲಿಸುತ್ತದೆ.

ಅಂಗಡಿಯಲ್ಲಿ ಡಬ್ಬಿ ತೆಗೆಸಿ ಅಲ್ಲೇ ನೋಡಿಕೊಳ್ಳಿ. 61 ಮನೆಯನ್ನೂ ಒಂದೇ ಒತ್ತಡದಲ್ಲಿ ಒಂದೊಂದಾಗಿ ಒತ್ತಿ, ದನಿ ಸಮನಿದೆಯೇ ಕೇಳಿ. ಪಿಚ್ ಬೆಂಡ್ ಬಿಟ್ಟ ಕೂಡಲೇ ಸ್ವರ ಸರಿಯಾದ ಜಾಗಕ್ಕೆ ಮರಳಬೇಕು. ಎಡ-ಬಲ ಎರಡೂ ಜ್ಯಾಕಿಗೆ ವೈರ್ ಚುಚ್ಚಿ ತುಸು ಅಲುಗಿಸಿ, ಕರಕರ ಬಂದರೆ ಬೇರೆ ಡಬ್ಬಿ ಕೇಳಿ. ಅಡಾಪ್ಟರ್ ಮೇಲೆ ಪಿಎ-150 ಎಂಬ ಮುದ್ರೆ ಮತ್ತು 12 ವೋಲ್ಟ್ ಇದೆಯೇ ಓದಿ, ವಾರಂಟಿ ಚೀಟಿಗೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡೇ ಹಣ ಕೊಡಿ.